ಮಡೆಪ್ಪನ ಸಂತಾಪದ ಠರಾವು

ಕೆಮ್ಮಿದರೆ ಸತ್ತೆ!

ನನ್ನ ಎದೆಯ ಮೇಲೆ ಒಂದು ಕುರಿ. ಕಾಲಿನ ಮೇಲೆ ಎರಡು. ಮುಖದ ಮೇಲೆ ಕರೀ ಕಂಬಳಿ. ಕಂಬಳಿಗೆ ಒಂದು ತೂತು. ಆ ತೂತಿನಲ್ಲಿ ನನ್ನ ಒಂದು ಕಣ್ಣು... ಆ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಕೊಡಲಿ.

ಕೊಡಲಿಯ ಹಿಂದೆ ಜ್ಞಾನೇಶ್ವರ ಪೈಲ್ವಾನ. ಹೆಸರಿನಲ್ಲಿದ್ದ ಜ್ಞಾನ ತಲೆಗೆ ಹತ್ತಿರಲಿಲ್ಲ. ಅಷ್ಟೂ ತೋಳಿಗೇ ಇಳಿದಿತ್ತು!

"ಏ ಮಡೆಪ್ಪಾ!" ಅವನು ಬೇಲಿಯಾಚೆಯಿಂದ ಕೂಗಿದ. "ನೀ ಸತ್ತು ಐದು ವರ್ಸ ಆಗ್ಲಿಕ್ಕೆ ಬಂತು. ಇನ್ನ ಎಷ್ಟ್ ದಿನ ಬದಕ್ತೀ? ಹೊರಗ ಬಾ!"

ಔರಾದದ ಹೊರಗಿನ ಗುಡ್ಡ. ನಡುಮಧ್ಯಾಹ್ನದ ಬಿಸಿಲು. ಮುಳ್ಳಬೇಲಿಯ ಕುರಿದೊಡ್ಡಿ. ಒಳಗೆ ನೂರಾ ಎಂಬತ್ತು ಕುರಿ. ಕುರಿಗಳ ಅಡಿಯಲ್ಲಿ ಮೂರು ಮನುಷ್ಯರು.

ನಡುವೆ ನಾನು.

ಎಡಕ್ಕೆ ಕಾಶೀರಾಮ, ಹೈದರಾಬಾದ್ ವಿಧಾನಸಭೆಯ ದಫೇದಾರ. ಬಿಳೀ ಕೋಟು, ಕೆಂಪು ಪಟ್ಟಿ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಹೊಟ್ಟೆಗೆ ಒಂದು ತಗಡಿನ ಕೊಳವೆ ಅವುಚಿಕೊಂಡಿದ್ದ, ಮೊದಲ ಕೂಸು ಅನ್ನುವ ಹಾಗೆ.

ಬಲಕ್ಕೆ ಮಡೆಪ್ಪ. ಅಂದರೆ... ಹೆಣ.

ಹೆಣ ನನ್ನ ಕಿವಿಯಲ್ಲಿ ಪಿಸುಗುಟ್ಟಿತು. "ಸಾಬ, ಸರ್ದಾರನ್ನ ಬಿಡಲೇನ್ರಿ?"

"ಸರ್ದಾರ ಯಾರು?"

"ನಮ್ಮ ಟಗರ್ರಿ."

ಇರಿ. ನಾನು ಆ ಕುರಿಗಳ ಕೆಳಗೆ ಹೇಗೆ ಬಂದೆ ಅಂತ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಟಗರು ಎಲ್ಲಿಗೂ ಹೋಗುವುದಿಲ್ಲ. ಕೊಡಲಿಯೂ ಹೋಗುವುದಿಲ್ಲ.

ನನ್ನ ಹೆಸರು ಬದ್ರೋದ್ದೀನ. ನಿಜಾಮರ ಪೊಲೀಸಿನಲ್ಲಿ ಜಮಾದಾರನಾಗಿದ್ದೆ. ಪೊಲೀಸ್ ಆಕ್ಷನ್ ಆಯಿತು. ಯೂನಿಫಾರಂ ಹೋಯಿತು. ಮೂಗು ಮಾತ್ರ ಉಳಿಯಿತು. ಆ ಮೂಗಿನಿಂದಲೇ ಹೊಟ್ಟೆ ಹೊರೆಯುತ್ತಿದ್ದೆ. ಕಳೆದುಹೋದ ಕಾಗದ, ಕಳೆದುಹೋದ ಮನುಷ್ಯರು... ಆ ದಿನಗಳಲ್ಲಿ ಎರಡಕ್ಕೂ ಕೊರತೆ ಇರಲಿಲ್ಲ. ಬೀದರಿನ ಚೌಬಾರಾದ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಮೇಜು, ಮೂರೂವರೆ ಕಾಲಿನ ಕುರ್ಚಿ. ಅದೇ ನನ್ನ ಆಫೀಸು.

೧೯೫೩ರ ಮಾರ್ಚ್. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಆ ಬಿಳೀ ಕೋಟು ನಿಂತಿತು.

"ಬದ್ರೋದ್ದೀನ ಜಮಾದಾರರ ಜಾಗಾ ಇದೇ ಏನ್ರಿ?"

"ಜಮಾದಾರ ಹೋದ. ಬದ್ರೋದ್ದೀನ ಅದಾನ. ಕೂಡ್ರಿ."

ಅವನು ಕುರ್ಚಿ ನೋಡಿದ. ನಿಂತೇ ಇದ್ದ. ಜಾಣ!

ಭಾಲ್ಕಿಯವನು. ಅವನ ಓಣಿಯಲ್ಲಿ ಮೆಟ್ರಿಕ್ ಪಾಸಾದ ಮೊದಲನೆಯವನು. ಅವನ ಅಪ್ಪನನ್ನು ಸಾಲೆಯ ಹೊಸ್ತಿಲ ಒಳಗೆ ಬಿಟ್ಟಿರಲಿಲ್ಲ. ಮಗ ಈಗ ಇಡೀ ರಾಜ್ಯದ ಸಭೆಯ ಬಾಗಿಲು ತೆರೆಯುತ್ತಿದ್ದ. ಆ ಸಭೆಯ ಹೆಸರು ಹೇಳುವಾಗಲೆಲ್ಲ ಬೆನ್ನು ನೆಟ್ಟಗೆ ಮಾಡುತ್ತಿದ್ದ.

"ಸಭಾ ಒಂದು ಠರಾವು ಪಾಸ್ ಮಾಡ್ಯದ್ರಿ. ಸಂತಾಪದ್ದು."

"ಯಾರು ಸತ್ತಾರ?"

ಸತ್ತವನು ಮಡೆಪ್ಪ. ಸಾಯಗಾಂವದ ಕುರಿಗಾರ. ರಜಾಕಾರರ ಕಾಲದಲ್ಲಿ ಗಡಿಯಾಚೆಯ ಹೋರಾಟಗಾರರ ಶಿಬಿರಕ್ಕೆ ಕಂಬಳಿಯಲ್ಲಿ ಚೀಟಿ ಅಡಗಿಸಿಕೊಂಡು ಹೋಗುತ್ತಿದ್ದವನು. ೧೯೪೮ರ ಮಳೆಗಾಲದಲ್ಲಿ ಮಾಂಜ್ರಾ ದಂಡೆಯ ಮೇಲೆ ಗುಂಡು ತಿಂದ. ತನ್ನ ಸಂಗಾತಿ ಏಕನಾಥರಾಯರ ತೊಡೆಯ ಮೇಲೆ ಪ್ರಾಣ ಬಿಟ್ಟ. ಹಾಗಂತ ಏಕನಾಥರಾಯರೇ ಬರೆದುಕೊಟ್ಟಿದ್ದರು. ಆ ಮಾತು ಅವರ ಹೆಸರಿನ ಸಮೇತ ಠರಾವಿಗೆ ಹತ್ತಿತ್ತು. ಸದಸ್ಯರೆಲ್ಲ ಎರಡು ನಿಮಿಷ ಎದ್ದು ನಿಂತಿದ್ದರು. ಸ್ಪೀಕರ್ ಸಹಿ ಹಾಕಿದ್ದರು. ಮೊಹರು ಬಿದ್ದಿತ್ತು.

"ಇನ್ನೇನು ಉಳೀತು?" ಅಂದೆ.

"ಎಲ್ಲಾ ಉಳದದ್ರಿ! ಠರಾವು ಸತ್ತವರ ಹತ್ತಿರದ ವಾರಸುದಾರರ ಕೈ ಸೇರಬೇಕು. ಅವರು ರಸೀದಿ ಮ್ಯಾಲ ಸಹಿನೋ ಹೆಬ್ಬೆಟ್ಟೋ ಹಾಕಬೇಕು. ಆ ರಸೀದಿ ಸಭಾದ ಮೇಜಿನ ಮ್ಯಾಲ ಕೂಡಬೇಕು. ಆಗ ಕೆಲಸ ಮುಗೀತು. ಎರಡ್ ಸಲ ರಜಿಸ್ಟರ್ ಟಪಾಲು ಮಾಡೀವ್ರಿ. ಎರಡೂ ಸಲ ಆತನ ಹೆಂಡ್ತಿ ವಾಪಸ್ ಕಳಿಸ್ಯಾಳ."

ಲಕೋಟೆ ತೋರಿಸಿದ. ಪೋಸ್ಟ್‌ಮನ್ ಸೀಸದ ಕಡ್ಡಿಯಲ್ಲಿ ಗೀಚಿದ್ದ: 'ಸಖುಬಾಯಿ ತಗೊಳ್ಳಲು ಒಲ್ಲೆ ಅಂತಾಳೆ. ಬೈಯುತ್ತಾಳೆ.'

"ಶನಿವಾರ ಅಧಿವೇಶನ ಮುಗೀತದ್ರಿ," ಅಂದ ಕಾಶೀರಾಮ. "ಅದರೊಳಗ ರಸೀದಿ ಬೇಕು. ಅಕಿ ಯಾಕ ಒಲ್ಲೆ ಅಂತಾಳ, ಅದು ನೀವು ಹುಡುಕಿ ಕೊಡಬೇಕು."

"ಅಲ್ಲ ಕಾಶೀರಾಮ, ಠರಾವು ಅಂದ್ರ ಕಾನೂನೇನು?"

"ಕಾನೂನಲ್ರಿ. ಠರಾವು ಅಂದ್ರ ಸಭಾದ ಮನಸ್ಸು. ಅದು ಹೊಡಿಯೋದಿಲ್ಲ, ಹಿಡಿಯೋದಿಲ್ಲ. ತನ್ನ ಮನಸ್ಸು ಹೇಳ್ತದ, ಅಷ್ಟೇ."

ಗಂಡ ಸತ್ತನೆಂದು ಇಡೀ ರಾಜ್ಯ ಎದ್ದು ನಿಂತಿದೆ. ಹೆಂಡತಿ ಬೈಯುತ್ತಾಳೆ! ನನ್ನ ಮೂಗು ತುರಿಸಿತು.

ಮಂಗಳವಾರ ರೈಲು ಹತ್ತಿ ಭಾಲ್ಕಿಗೆ. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಸಾಯಗಾಂವ.

ಸಖುಬಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಹಣೆಯ ತುಂಬ ಕುಂಕುಮ. ಮೊಣಕೈವರೆಗೆ ಹಸಿರು ಬಳೆ. ಕಾಶೀರಾಮ ಬಿಲ್ಲೆ ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ.

"ತಾಯಿ, ಮಾನ್ಯ ಸಭಾ ನಿಮ್ಮ ದುಃಖದೊಳಗ..."

"ಯಾರ ದುಃಖ?"

"ನಿಮ್ದ್ರಿ."

"ನನಗೇನಾಗ್ಯದ?" ಮೊರ ಕೆಳಗಿಟ್ಟಳು. "ಹೆಣ ನೋಡೀಯೇನು ನೀ? ನಿಮ್ಮ ಸಭಾ ನೋಡ್ಯದೇನು? ನೋಡಲಾರದೇ ಎದ್ದು ನಿಂತರೇನು, ಅಷ್ಟೂ ಮಂದಿ? ಕೆಲಸಿಲ್ಲೇನು ಅವರಿಗೆ?"

ಕಾಶೀರಾಮ ಎರಡು ಹೆಜ್ಜೆ ಹಿಂದೆ ಸರಿದ. ನಾನು ಗೋಡೆಯ ಮೇಲಿನ ಗೂಟ ನೋಡುತ್ತಿದ್ದೆ. ಗೂಟಕ್ಕೆ ಐದು ಕಂಬಳಿ. ಒಂದರ ಮೇಲೊಂದು. ಐದೂ ಹೊಸವು. ಐದರ ಮೂಲೆಯಲ್ಲೂ ಒಂದೇ ನಮೂನೆಯ ಒಂದು ಕೆಂಪು ಎಳೆ.

"ವರ್ಸಕ್ಕ ಒಂದು ಬರ್ತದೇನ್ ಬಾಯಿ?" ಅಂದೆ.

ಅವಳ ಕಣ್ಣು ಬೇಲಿಯ ಕಡೆ ಹೋಯಿತು. ಆಮೇಲೆ ಮೆಲ್ಲಗೆ ಹೇಳಿದಳು. "ಸಾಬ, ನೀವು ಹುಡುಕೋದಾದ್ರ ಹುಡುಕ್ರಿ. ಆದ್ರ ನಿಮ್ಮ ಬೆನ್ನಿಂದ ಯಾರು ಬರ್ತಾರ, ಅದೂ ನೋಡ್ಕೋರಿ."

ನೋಡಿದೆ. ಊರ ಬಾಗಿಲಲ್ಲಿ ಒಂದು ಜೀಪು!

ಯುದ್ಧ ಮುಗಿದ ಮೇಲೆ ಅಮೆರಿಕದವರು ಬಿಟ್ಟುಹೋದ ಹಳೇ ಜೀಪು. ಮುಂದೆ ಏಕನಾಥರಾಯ. ಇಸ್ತ್ರಿ ಮಾಡಿದ ಖಾದಿ, ಇಸ್ತ್ರಿ ಮಾಡಿದ ನಗು. ಹಿಂದೆ ಜ್ಞಾನೇಶ್ವರ ಪೈಲ್ವಾನ. ಅವನ ಭಾರಕ್ಕೆ ಜೀಪಿನ ಮೂತಿ ಆಕಾಶ ನೋಡುತ್ತಿತ್ತು.

"ದಫೇದಾರರ! ನೀವ್ಯಾಕ ಇಷ್ಟ್ ದೂರ ಬಂದ್ರಿ?" ಏಕನಾಥರಾಯ ಕೈ ಮುಗಿದ. "ಗುರುವಾರ ಸಂಜಿ ನಾಲ್ಕಕ್ಕ ಭಾಲ್ಕಿ ಕೋಟೆ ಮುಂದ ಕಾರ್ಯಕ್ರಮ ಇಟ್ಟೇನಿ. ತಹಶೀಲ್ದಾರರು ಬರ್ತಾರ. ಬ್ಯಾಂಡ್ ಬರ್ತದ. ಅಲ್ಲೇ ಸಖುಬಾಯಿ ಹೆಬ್ಬೆಟ್ಟು ಹಾಕ್ತಾಳ."

"ಅಕಿ ಒಲ್ಲೆ ಅಂತಾಳ್ರಿ," ಅಂದ ಕಾಶೀರಾಮ.

"ಈ ಸಖುಬಾಯಿ ಒಲ್ಲೆ ಅಂದ್ರ ಇನ್ನೊಬ್ಬಾಕಿ ಸಖುಬಾಯಿ ಸಿಗ್ತಾಳ." ನಗು ಒಂದಿಷ್ಟೂ ಮುದುಡಲಿಲ್ಲ. "ಹೆಬ್ಬೆಟ್ಟಿಗೇನು ಮುಖ ಇರ್ತದೇನು?"

ಪೈಲ್ವಾನ ಕಾಶೀರಾಮನ ಜೇಬಿಗೆ ಕೈ ಹಾಕಿದ. ಮೊಹರು ಒತ್ತಿದ ರಸೀದಿ ಫಾರಂ ಎಳೆದುಕೊಂಡ. ಇಡೀ ಕೆಲಸ ಎರಡು ಸೆಕೆಂಡು! ಕೊಳವೆಗೂ ಕೈ ಚಾಚಿದ. ಕಾಶೀರಾಮ ಅದರ ಮೇಲೆ ಬೋರಲು ಬಿದ್ದ.

"ಇರಲಿ ಬಿಡು," ಅಂದ ಏಕನಾಥರಾಯ. "ಅದು ಇಲ್ಲಂದ್ರೂ ನಡೀತದ. ನಕಲು ಚೌಕಟ್ಟು ಹಾಕಿಸೇನಿ. ಸಭಾಕ್ಕ ಬೇಕಾಗಿದ್ದು ರಸೀದಿ."

ಜೀಪು ಧೂಳೆಬ್ಬಿಸಿ ಹೋಯಿತು. ಕಾಶೀರಾಮ ನೆಲದ ಮೇಲೇ ಕೂತಿದ್ದ.

"ಸುಳ್ಳ ಹೆಬ್ಬೆಟ್ಟು ಮೇಜಿನ ಮ್ಯಾಲ ಕೂತರ ಮುಗೀತ್ರಿ. ಒಮ್ಮೆ ದಾಖಲಾದ ಮ್ಯಾಲ ನಾನೂ ನೀವೂ ಹರಿದು ಒಗೆಯೋದಲ್ಲ. ಸಭೇನ ಮತ್ತ ಕೂಡಬೇಕು, ಸಭೇನ ರದ್ದು ಮಾಡಬೇಕು."

ನನಗೆ ಬೇರೆಯದೇ ಲೆಕ್ಕ ಹತ್ತಿತ್ತು. ಐದು ಕಂಬಳಿ. ಅಂದರೆ ಮಡೆಪ್ಪ ಬದುಕಿದ್ದಾನೆ. ಏಕನಾಥರಾಯನಿಗೆ ಭಾಲ್ಕಿಯಿಂದ ಚುನಾವಣೆಗೆ ನಿಲ್ಲುವ ಆಸೆ. ತೊಡೆಯ ಮೇಲೆ ಸತ್ತ ಹುತಾತ್ಮನೇ ಅವನ ಬಂಡವಾಳ. ಆ ಹುತಾತ್ಮ ಎದ್ದು ಬಂದರೆ? ಬರಬಾರದು. ಬಂದರೂ ಕೊಂದರಾಯಿತು... ಎಲ್ಲರೂ ಅತ್ತು ಮುಗಿಸಿದವನನ್ನು ಇನ್ನೊಮ್ಮೆ ಹುಡುಕುವವರು ಯಾರು?

"ಏಳು ಕಾಶೀರಾಮ," ಅಂದೆ. "ನಿನ್ನ ಠರಾವಿಗೆ ವಾರಸುದಾರ ಸಿಕ್ಕಾನ."

ಮಾಂಜ್ರಾದ ಆಚೆಯ ಕುರಿಗಾರರೆಲ್ಲ ಉಣ್ಣೆ ತರುವುದು ಔರಾದದ ಪೇಟೆಗೆ. ಬುಧವಾರ ಹೊಳೆ ದಾಟಿ ಅಲ್ಲಿಗೆ ಸೇರಿದೆವು. ಅರ್ಧ ದಾರಿ ಬಸ್ಸು, ಅರ್ಧ ದಾರಿ ಬಸ್ಸನ್ನು ನೂಕಿದ್ದು. ಗುರುವಾರ ಬೆಳಿಗ್ಗೆ ಪೇಟೆಯಲ್ಲಿ ಉಣ್ಣೆ ಮಾರುವ ಪುತಳಾಬಾಯಿ ನಾನು ಹೇಳಿದ ಗುರುತು ಕೇಳಿ ತಲೆಯಾಡಿಸಿದಳು.

"ಕೆಂಪು ಎಳಿ? ಹಂಗ ಹಾಕಾವ ಒಬ್ಬನೇ ಅದಾನ್ರಿ. ಗುಡ್ಡದ ಮ್ಯಾಲ ಇರ್ತಾನ. ಧೊಂಡಿಬಾ ಅಂತಾರ. ಹೆಸರು ಹಿಡದು ಕರದ್ರ ಮಾತ್ರ ಮೂರನೇ ಸಲಕ್ಕ ತಿರಗ್ತಾನ."

ತನ್ನ ಹೆಸರಲ್ಲದಿದ್ದರೆ ಯಾರಾದರೂ ಮೂರನೇ ಸಲಕ್ಕೇ ತಿರುಗುವುದು!

ಗುಡ್ಡ ಹತ್ತಿದೆವು. ಅರವತ್ತರ ಹತ್ತಿರದ, ಎಲುಬು ಗಟ್ಟಿಯಾದ ಮುದುಕ ಕುರಿಯ ಕಾಲಿನ ಮುಳ್ಳು ಕೀಳುತ್ತಿದ್ದ.

"ಮಡೆಪ್ಪಾ," ಅಂದೆ.

ಮೊದಲನೇ ಸಲಕ್ಕೇ ತಿರುಗಿದ.

ಕಾಶೀರಾಮ ಅಟೆನ್ಷನ್‌ನಲ್ಲಿ ನಿಂತ. ಕಣ್ಣಲ್ಲಿ ನೀರು. "ಮಾನ್ಯ ಮೃತರ..." ಅಂದ.

ಮುದುಕ ಎಲ್ಲ ಹೇಳಿದ. ಆ ಮಳೆಗಾಲದಲ್ಲಿ ಏಕನಾಥ ಹೊಳೆಯ ದಂಡೆಯಲ್ಲಿ ನಿಂತು ರಜಾಕಾರರಿಗೆ ಶಿಬಿರದ ದಾರಿ ತೋರಿಸುತ್ತಿದ್ದನಂತೆ. ಮಡೆಪ್ಪ ನೋಡಿಬಿಟ್ಟ. ಏಕನಾಥ ರಿವಾಲ್ವರ್ ತೆಗೆದ. ಗುಂಡು ಹೆಗಲಿನಲ್ಲಿ ಹೊಕ್ಕು ಹಿಂದೆ ಹೊರಬಿತ್ತು. ಮಡೆಪ್ಪ ತುಂಬಿದ ಮಾಂಜ್ರಾಕ್ಕೆ ಬಿದ್ದ. ಎರಡು ಹರದಾರಿ ತೇಲಿ ಹೋದ.

"ತೊಡಿ ಮ್ಯಾಲ ಅಲ್ರಿ," ಅಂದ. "ಒಂದು ಬಾಳಿದಿಂಡಿನ ಮ್ಯಾಲ."

"ಆಮ್ಯಾಲ ಯಾಕ ಬರಲಿಲ್ಲ?"

"ಬರಬೇಕಂದಾಗ ಅವ ಖಾದಿ ಹಾಕ್ಯಾನ ಅಂತ ಸುದ್ದಿ ಬಂತ್ರಿ. ಸರಕಾರ ಯಾವುದಾದ್ರೂ ಬಂದೂಕು ಅವನ ಕೈಯಾಗೇ ಇರ್ತದ. ನಾ ಹೋದ್ರ ನನ್ನ ಸಖೂನ್ನೂ ಬಿಡೂದಿಲ್ಲ."

ಅಷ್ಟರಲ್ಲಿ ಕೆಳಗೆ ಜೀಪಿನ ಸದ್ದು. ನಮ್ಮ ಬೆನ್ನು ಹಿಡಿದೇ ಬಂದಿದ್ದ ಪೈಲ್ವಾನ. ಒಬ್ಬನೇ. ಅವನಿಗೆ ಇನ್ನೊಬ್ಬ ಬೇಕಿರಲಿಲ್ಲ.

ಹಾಗೆ ಕುರಿಗಳ ಕೆಳಗೆ ಹೊಕ್ಕೆವು. ಈಗ ತಿಳಿಯಿತೇ? ಸರಿ... ಟಗರಿಗೆ ಬರೋಣ.

ಪೈಲ್ವಾನ ಬೇಲಿ ದಾಟಿದ. ಕುರಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡತೊಡಗಿದ. ನಮಗೂ ಅವನಿಗೂ ನಡುವೆ ಎಂಟು ಕುರಿ. ಏಳು. ಆರು...

"ಬಿಡು!" ಅಂದೆ.

ಮಡೆಪ್ಪ ನಾಲಗೆ ಮಡಚಿ ಸಿಳ್ಳು ಹಾಕಿದ.

ದೊಡ್ಡಿಯ ಮೂಲೆಯಿಂದ ಒಂದು ಕರೀ ಬಂಡೆ ಎದ್ದಿತು. ಬಂಡೆಗೆ ಸುರುಳಿ ಕೊಂಬು. ಸರ್ದಾರ ನಾಲ್ಕು ಹೆಜ್ಜೆ ಹಿಂದೆ ಹೋದ. ತಲೆ ಬಗ್ಗಿಸಿದ. ಪೈಲ್ವಾನನ ಬೆನ್ನು ಅವನ ಕಡೆ ಇತ್ತು. ಬೆನ್ನಿನ ಕೆಳಗಿನ ಭಾಗವೂ ಅದೇ ಕಡೆ ಇತ್ತು.

ಢಪ್!

ಬೀದರ ಜಿಲ್ಲೆಯ ಯಾವ ಕುಸ್ತಿಯಲ್ಲೂ ನೆಲ ಬಿಡದ ಪೈಲ್ವಾನ ಅಂದು ಆಕಾಶ ಕಂಡ! ಮುಳ್ಳಬೇಲಿಯ ಮೇಲೆ ಅಂಗಾತ ಬಿದ್ದ. ಅವನು ಕೂಗಿದ ಕೂಗಿಗೆ ಔರಾದದ ನಾಯಿಗಳೆಲ್ಲ ಉತ್ತರ ಕೊಟ್ಟವು.

"ಓಡ್ರಿ!"

ಜೀಪಿಗೆ ಹಾರಿದೆವು. ಕೀಲಿ ಅಲ್ಲೇ ಇತ್ತು.

"ಜಮಾದಾರರ, ಓಡಸ್ಲಿಕ್ಕೆ ಬರ್ತದೇನ್ರಿ?"

"ಕುದುರಿ ಓಡಿಸೇನಿ!"

"ಇದಕ್ಕ ಲಗಾಮು ಎಲ್ಲದ್ರಿ?" ಮಡೆಪ್ಪ ಕೇಳಿದ.

ಇನ್‌ಸ್ಪೆಕ್ಟರ್ ಸಾಹೇಬರ ಡ್ರೈವರು ಏನೇನು ಒದೆಯುತ್ತಿದ್ದನೋ ಅದನ್ನೆಲ್ಲ ಒದ್ದೆ. ಜೀಪು ಒಂದು ಸಲ ಸೀನಿತು. ಎರಡು ಸಲ ಕುಣಿಯಿತು. ಮೂರನೇ ಸಲ ಗುಡ್ಡದಿಂದ ಕೆಳಗೆ ಹಾರಿತು! ಹಿಂದೆ ಏನೋ ಧೊಪ್ಪೆಂದು ಬಿತ್ತು. ನೋಡಿದರೆ ಸರ್ದಾರ. ಯಜಮಾನನನ್ನು ಬಿಟ್ಟಿರಲಾರದೆ ಹತ್ತಿಬಿಟ್ಟಿದ್ದ!

ಅವನ ಹಿಂದೆ ಎರಡು ಕೈ. ಜೀಪಿನ ಹಿಂಬದಿ ಹಿಡಿದುಕೊಂಡ ಎರಡು ದಪ್ಪ ಕೈ!

ಪೈಲ್ವಾನ!

"ನಿಲ್ಲಸ್ರೋ!" ಅವನು ಕೂಗಿದ. ನಿಲ್ಲಿಸುವುದು ಹೇಗೆ ಅಂತ ಗೊತ್ತಿದ್ದರೆ ತಾನೇ?

ದಾರಿಯಲ್ಲಿ ಒಂದು ಜೋಳದ ಹೊಲ ಸಿಕ್ಕಿತು. ದಾಟಿದೆವು. ಒಂದು ಸಂತೆಗಾಡಿ ಸಿಕ್ಕಿತು. ಅದು ನಮ್ಮನ್ನು ದಾಟಿತು. ಪೈಲ್ವಾನ ಒಳಗೆ ಹತ್ತಲು ನೋಡಿದಾಗಲೆಲ್ಲ ಸರ್ದಾರ ತಲೆ ಬಗ್ಗಿಸುತ್ತಿದ್ದ. ಪೈಲ್ವಾನ ಮತ್ತೆ ಜೋತುಬೀಳುತ್ತಿದ್ದ. ಹೀಗೇ ಹನ್ನೆರಡು ಮೈಲಿ!

ಮಾಂಜ್ರಾ ಬಂತು. ಬೇಸಿಗೆಯ ಹೊಳೆ, ಮೊಣಕಾಲು ನೀರು. ನಾನು ಕಣ್ಣು ಮುಚ್ಚಿಕೊಂಡೆ. ನೀರು ಎರಡೂ ಕಡೆ ರೆಕ್ಕೆ ಬಿಚ್ಚಿತು. ಹೊಳೆಯ ನಡುವೆ ಸರ್ದಾರನಿಗೆ ತಾಳ್ಮೆ ಮುಗಿಯಿತು.

ಢಪ್! ಆಮೇಲೆ ಧೊಳ್!

ಹಿಂತಿರುಗಿ ನೋಡಿದೆ. ಪೈಲ್ವಾನ ಹೊಳೆಯ ನಡುವೆ ಕೂತಿದ್ದ. ಎದೆಮಟ್ಟ ನೀರು. ಮುಖದಲ್ಲಿ ಎಂಥದೋ ಶಾಂತಿ. ಬಹುಶಃ ಮುಳ್ಳುಗಳಿಗೆ ತಂಪು ತಾಗಿರಬೇಕು.

"ಗಂಟಿ ಎಷ್ಟು?" ಕೂಗಿದೆ.

"ಮೂರೂ ನಲವತ್ರಿ!" ಅಂದ ಕಾಶೀರಾಮ. ಅವನ ಕೋಟು ಬಿಳಿಯಾಗಿ ಉಳಿದಿರಲಿಲ್ಲ. ಕೊಳವೆ ಮಾತ್ರ ಎದೆಯ ಮೇಲೇ ಇತ್ತು.

ಭಾಲ್ಕಿ ಕೋಟೆಯ ಮುಂದೆ ಸಾವಿರ ಜನ. ಶಾಮಿಯಾನ. ವೇದಿಕೆಯ ಮೇಲೆ ತಹಶೀಲ್ದಾರರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಅವರ ಮೇಜಿನ ಮೇಲೆ ನಮ್ಮ ರಸೀದಿ, ಮಸಿಯ ಡಬ್ಬಿ. ಪಕ್ಕದಲ್ಲಿ ಮುಖ ಮುಚ್ಚುವ ಹಾಗೆ ಬಿಳೀ ಸೀರೆ ಹೊದ್ದ ಯಾವಳೋ ಒಬ್ಬಳು. ಮೈಕಿನ ಮುಂದೆ ಏಕನಾಥರಾಯ.

"ನನ್ನ ಈ ತೊಡಿ ಮ್ಯಾಲ, ಮಹನೀಯರೇ, ಇದೇ ತೊಡಿ..."

ಜನ ಜೀಪು ಕಂಡರು. ರಾಯರ ಜೀಪು! ಯಾರೋ ದೊಡ್ಡವರು ಬಂದರು ಅಂದುಕೊಂಡರು. ಬ್ಯಾಂಡು ಶುರುವಾಯಿತು. ಹಾರ ಹಿಡಿದ ಮಂದಿ ಎರಡೂ ಕಡೆಯಿಂದ ಓಡಿ ಬಂದರು. ನನಗೆ ಒಂದು ಹಾರ. ಕಾಶೀರಾಮನಿಗೆ ಒಂದು. ಮಡೆಪ್ಪನಿಗೆ ಎರಡು. ಸರ್ದಾರನಿಗೂ ಒಂದು, ಅವನು ಅದನ್ನು ಅಲ್ಲೇ ತಿಂದ.

"ಸರೀರಿ! ಸರೀರಿ!" ನಾನು ಬಡಿದುಕೊಂಡೆ.

ಜೀಪು ಶಾಮಿಯಾನದ ಮುಂಗಂಬಕ್ಕೆ ಹೋಗಿ ಗುದ್ದಿ ನಿಂತಿತು. ಕಂಬ ಬಿತ್ತು. ಅರ್ಧ ಶಾಮಿಯಾನ ಬ್ಯಾಂಡಿನವರ ಮೇಲೆ ಇಳಿಯಿತು. ಬಟ್ಟೆಯ ಒಳಗಿನಿಂದ ಕ್ಲಾರಿನೆಟ್ ಇನ್ನೂ ಸ್ವಲ್ಪ ಹೊತ್ತು ಅಳುತ್ತಿತ್ತು.

ಕಾಶೀರಾಮ ಇಳಿದ. ಕೆಂಪು ಪಟ್ಟಿ ಸರಿಮಾಡಿಕೊಂಡ. ಬಿಲ್ಲೆ ಒರೆಸಿಕೊಂಡ. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ. ಒಂದು ವರ್ಷದಿಂದ ದಿನವೂ ಕೇಳುತ್ತಿದ್ದ ಮಾತು ಅವನ ಬಾಯಿಂದ ಗುಡುಗಿನಂತೆ ಬಂತು.

"ಆರ್ಡರ್! ಆರ್ಡರ್!"

ಸಾವಿರ ಜನ ಗಪ್ಪಾದರು. ತಹಶೀಲ್ದಾರರು ಎದ್ದೇ ನಿಂತರು!

"ಹೈದರಾಬಾದ್ ರಾಜ್ಯದ ಮಾನ್ಯ ವಿಧಾನಸಭಾದ ಠರಾವು, ಸ್ಪೀಕರ್ ಸಾಹೇಬರ ಸಹಿ ಮೊಹರಿನ ಸಮೇತ ತಂದೇನಿ. ಚೌಕಟ್ಟಿನೊಳಗಿಂದು ನಕಲು. ಅಸಲು ನನ್ನ ಕೈಯಾಗ ಅದ. ಮೃತ ಮಡೆಪ್ಪನವರ ಹತ್ತಿರದ ವಾರಸುದಾರರು ಯಾರದಾರ್ರಿ?"

ಬಿಳೀ ಸೀರೆಯವಳು ಹೆಬ್ಬೆಟ್ಟು ಎತ್ತಿದ್ದಳು. ಅದಕ್ಕೆ ಆಗಲೇ ಮಸಿ ಹತ್ತಿತ್ತು. "ನಾನ್ರಿ... ಸಖುಬಾಯಿ."

"ಯಾವ ಊರಾಕಿ ನೀ?" ಜನರ ನಡುವಿನಿಂದ ಒಂದು ದನಿ. ಹಣೆಯ ತುಂಬ ಕುಂಕುಮ. ಹಸಿರು ಬಳೆ. ಸಾಯಗಾಂವದಿಂದ ನಡೆದೇ ಬಂದಿದ್ದಳು. "ನನ್ನ ಹೆಸರು ಹೇಳ್ಕೊಂಡು ರಂಡಮುಂಡಿ ಆಗ್ಲಿಕ್ಕೆ ಯಾರು ಕಳಿಸ್ಯಾರ ನಿನ್ನ?"

ಬಿಳೀ ಸೀರೆ ವೇದಿಕೆಯ ಹಿಂದಿನಿಂದ ಇಳಿದು ಓಡಿತು.

"ತಡೀರಿ ದಫೇದಾರರ," ಜೀಪಿನಿಂದ ಮಡೆಪ್ಪ ಇಳಿದ. ಕೊರಳಲ್ಲಿ ಎರಡು ಹಾರ. "ಮಡೆಪ್ಪಗ ಮಡೆಪ್ಪನಕಿಂತ ಹತ್ತಿರದವ್ರು ಯಾರದಾರ್ರಿ?"

ಸಾವಿರ ಬಾಯಿ ಒಮ್ಮೆಲೇ ತೆರೆದವು.

"ಇವ ಮಡೆಪ್ಪ ಅಲ್ಲ!" ಏಕನಾಥರಾಯನ ನಗುವಿನ ಇಸ್ತ್ರಿ ಹೋಗಿತ್ತು. "ಢೋಂಗಿ! ಮಡೆಪ್ಪ ಸತ್ತಾನ! ಸಭಾ ಹೇಳ್ಯದ!"

ಸಖುಬಾಯಿ ಗಂಡನ ಮುಂದೆ ಬಂದು ನಿಂತಳು. ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಅಳುತ್ತಾಳೆ ಅಂದುಕೊಂಡೆ.

ಫಟ್! ಕೆನ್ನೆಗೆ ಒಂದು ಬಿತ್ತು.

"ಐದ್ ಕಂಬಳಿ ಕಳಿಸಿದಿ! ನೀ ಒಮ್ಮೆ ಬರಲಿಲ್ಲ! ಕಂಬಳಿ ಜೋಡಿ ಮಾತಾಡಬೇಕೇನು ನಾ?" ಆಮೇಲೆ ಅಳು ಬಂತು. ಅವನ ಹಾರ ಹಿಡಿದುಕೊಂಡೇ ಅತ್ತಳು.

ಭಾಲ್ಕಿಯ ಜನಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪರ ಗಂಡಸಿಗೆ ಯಾವ ಹೆಂಗಸೂ ಹಾಗೆ ಹೊಡೆಯುವುದಿಲ್ಲ!

ಮಡೆಪ್ಪ ಅಂಗಿ ಸರಿಸಿದ. ಹೆಗಲ ಮೇಲೆ ಗುಂಡಿನ ಕಲೆ. ಬೆರಳು ಏಕನಾಥರಾಯನ ಕಡೆ ಚಾಚಿದ. "ಇದು ರಜಾಕಾರರದಲ್ರಿ. ಇವನದು."

ಏಕನಾಥರಾಯನ ಕೈ ಕೋಟಿನ ಒಳಗೆ ಹೋಯಿತು. ನನಗೆ ಆ ಕೈಯ ಭಾಷೆ ಗೊತ್ತು. ಹಾರಿದೆ. ಆದರೆ ನಡುವೆ ಕುರ್ಚಿ, ತಹಶೀಲ್ದಾರರು, ಹೂವಿನ ಕುಂಡ... ರಿವಾಲ್ವರ್ ಹೊರಗೆ ಬಂದೇಬಿಟ್ಟಿತು! ನಳಿಗೆ ಸಖುಬಾಯಿಯ ಬೆನ್ನಿಗೆ ನೆಟ್ಟಿತು...

ಠಣ್!

ತಗಡಿನ ಕೊಳವೆ ಅವನ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಗುಂಡು ಆಕಾಶಕ್ಕೆ ಹೋಯಿತು. ಎರಡನೇ ಪೆಟ್ಟು ತಲೆಗೆ. ಏಕನಾಥರಾಯ ತನ್ನ ಚೌಕಟ್ಟಿನ ಮೇಲೆ ತಾನೇ ಮಲಗಿದ.

ಕಾಶೀರಾಮ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದ. ಕೊಳವೆ ಬಾಗಿತ್ತು.

"ಠರಾವು ಹೊಡಿಯೋದಿಲ್ಲ ಅಂದಿದ್ದಿ!" ಅಂದೆ.

"ತುರ್ತು ವಿಷಯ ಇತ್ರಿ," ಅಂದ.

ತಹಶೀಲ್ದಾರರು ಮೇಜಿನ ಅಡಿಯಿಂದ ಎದ್ದು ಬಂದರು. ಅವರ ಎದುರಿಗೇ, ಮೊಹರಿನ ಪಕ್ಕದಲ್ಲಿ, ಮಡೆಪ್ಪ ಹೆಬ್ಬೆಟ್ಟು ಒತ್ತಿದ. ಸ್ವೀಕರಿಸಿದವರು ಯಾರು ಎಂಬ ಕಾಲಮ್ಮಿನಲ್ಲಿ ಕಾಶೀರಾಮ ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ: 'ಮೃತರು, ಖುದ್ದಾಗಿ.'

ಶುಕ್ರವಾರ ಭಾಲ್ಕಿಯಲ್ಲಿ ರೈಲು ಹತ್ತಿದೆವು. ಶನಿವಾರ ಹೈದರಾಬಾದಿನಲ್ಲಿ ನಾನೂ ಮಡೆಪ್ಪನೂ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದೆವು. ರಸೀದಿ ಮೇಜಿನ ಮೇಲೆ ಕೂತಿತು. ಸ್ಪೀಕರ್ ಸಾಹೇಬರು ಅದನ್ನು ಎತ್ತಿಕೊಂಡು ಓದತೊಡಗಿದರು. ನಿಲ್ಲಿಸಿದರು. ಕನ್ನಡಕ ಒರೆಸಿಕೊಂಡರು. ಮತ್ತೆ ಓದಿದರು.

ಮೊನ್ನೆ ಎರಡು ನಿಮಿಷ ತಲೆ ತಗ್ಗಿಸಿ ನಿಂತಿದ್ದ ಸಭೆ ಅಂದು ಕೂತಲ್ಲೇ ನಕ್ಕಿತು. ಆಳುವವರು, ವಿರೋಧಿಗಳು, ಉರ್ದುವಿನವರು, ತೆಲುಗಿನವರು, ಮರಾಠಿಯವರು, ಕನ್ನಡದವರು... ಎಲ್ಲರೂ ಒಂದೇ ಭಾಷೆಯಲ್ಲಿ ನಕ್ಕರು!

ಆದರೆ ರೂಲು ರೂಲೇ. ಒಮ್ಮೆ ತೀರ್ಮಾನವಾದ ವಿಷಯ ಅದೇ ಅಧಿವೇಶನದಲ್ಲಿ ಮತ್ತೆ ಬರುವಂತಿಲ್ಲ. ರದ್ದು ಮಾಡಲು ಹೊಸ ನೋಟೀಸು ಬೇಕು. ಅಧಿವೇಶನ ಅಂದೇ ಮುಗಿಯಿತು. ಮುಂದಿನದಕ್ಕೆ ಏಳು ತಿಂಗಳು.

"ಅಂದ್ರ ಅಲ್ಲಿತನಕ ನಾ ಸತ್ತಂಗೇ ಏನ್ರಿ?" ಮಡೆಪ್ಪ ಕೇಳಿದ.

"ಕಾಗದದ ಮ್ಯಾಲ ಹೌದ್ರಿ," ಕಾಶೀರಾಮನಿಗೆ ನಾಚಿಕೆಯಾಯಿತು.

ಮಡೆಪ್ಪ ಸಾಯಗಾಂವದಲ್ಲಿ ಸತ್ತಂತೆಯೇ ಸುಖವಾಗಿದ್ದ. ದಿನಕ್ಕೆರಡು ಸಲ ಬೈಗುಳ, ಮೂರು ಸಲ ರೊಟ್ಟಿ. ಏಕನಾಥರಾಯ ಮಾತ್ರ ಬೀದರಿನ ಕೋರ್ಟಿನ ಕಟಕಟೆಯಲ್ಲಿದ್ದ. ಹಳೇ ಗುಂಡಿನ ಕೇಸು, ಹೊಸ ಗುಂಡಿನ ಕೇಸು, ಎರಡೂ.

ಅವನ ವಕೀಲರು ಹೈದರಾಬಾದಿನಿಂದ ಬಂದ ದೊಡ್ಡ ವಕೀಲರು. ಠರಾವಿನ ನಕಲು ಎತ್ತಿ ಹಿಡಿದು ಗರ್ಜಿಸಿದರು.

"ಮಾನ್ಯ ವಿಧಾನಸಭೆಯ ಠರಾವು ಇನ್ನೂ ರದ್ದಾಗಿಲ್ಲ! ದಾಖಲೆಯ ಪ್ರಕಾರ ಫಿರ್ಯಾದಿ ಮಡೆಪ್ಪ ಸತ್ತಿದ್ದಾನೆ. ಸತ್ತವನು ಬಂದು ಸಾಕ್ಷಿ ಹೇಳುವಂತಿಲ್ಲ!"

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು.

"ಸರಿ ವಕೀಲ ಸಾಹೇಬ್ರ. ಗುಂಡು ಹಾರಿಸಿದವ ನಿಮ್ಮ ಆಸಾಮಿ ಅಂತ ಪೊಲೀಸರು ಹೇಳ್ತಾರ. ಆ ಗುಂಡಿಗೆ ಮಡೆಪ್ಪ ಸತ್ತಾನ ಅಂತ ನೀವ ಹೇಳ್ತೀರಿ. ಹಂಗಾದ್ರ ಇದು ಖೂನಿ ಕೇಸು. ಬರ್ಕೊಳ್ಳೇನ್ರಿ?"

ವಕೀಲರು ಮೆಲ್ಲಗೆ ಕೂತರು.

ಕಟಕಟೆಯಿಂದ ಏಕನಾಥರಾಯ ಎರಡೂ ಕೈ ಎತ್ತಿ ಕಿರುಚಿದ. "ಬದುಕ್ಯಾನ್ರಿ! ಖುದಾ ಕಸಂ, ಗಂಗಾ ಕಸಂ, ಮಡೆಪ್ಪ ಬದುಕ್ಯಾನ್ರಿ! ಅಗೋ ಅಲ್ಲಿ ಕೂತಾನ ನೋಡ್ರಿ!"

ವಿಧಾನಸಭೆಗೆ ಏಳು ತಿಂಗಳು ಬೇಕಿದ್ದ ಕೆಲಸ... ಏಕನಾಥರಾಯ ಒಂದೇ ಉಸಿರಿಗೆ ಪಾಸು ಮಾಡಿದ!